ಪೈಪ್ ದಪ್ಪ ಆದ್ರೆ ಪಿಕಪ್ ಜಾಸ್ತಿ ಆಗುತ್ತಾ?

ಗಾಡಿ ಮಾತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಣ್ಣಾ ನಮಸ್ಕಾರ. ನಮ್ದು 2012ರ ಸ್ವಿಫ್ಟ್, 1.2 ಲೀಟರ್ ಪೆಟ್ರೋಲ್, ಟರ್ಬೋ (ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಫ್ಯಾನ್) ಇಲ್ಲ. ಕ್ಯಾಟ್‌ನಿಂದ (ಹೊಗೆ ಶುದ್ಧ ಮಾಡೋ ಡಬ್ಬಿ, ಕ್ಯಾಟಲಿಟಿಕ್ ಕನ್ವರ್ಟರ್) ಹಿಂದಕ್ಕೆ ಸೈಲೆನ್ಸರ್ ಪೈಪ್ ತುಕ್ಕು ಹಿಡಿದು ತೂತಾಗೈತೆ. ಹೆಂಗಿದ್ರೂ ಚೇಂಜ್ ಮಾಡ್ಬೇಕಲ್ಲ ಅಂತ ಫ್ರೆಂಡ್ಸ್ ಹತ್ರ ಕೇಳಿದ್ರೆ ಒಬ್ಬ ಎರಡೂವರೆ ಇಂಚು ಹಾಕ್ಸು, ಗಾಡಿ ಹಾರುತ್ತೆ ಅಂತಾನೆ. ಅವನ ಟರ್ಬೋ ಗಾಡಿಗೆ ಅದೇ ಹಾಕ್ಸಿದಾನೆ, ಸುಳ್ಳು ಹೇಳ್ಬಾರ್ದು, ಚೆನ್ನಾಗೇ ಎಳೀತೈತೆ. ಇನ್ನೊಬ್ಬ ಬ್ಯಾಕ್ ಪ್ರೆಶರ್ (ಹೊಗೆಗೆ ಎದುರಾಗೋ ಒತ್ತಡ) ಇಲ್ದಿದ್ರೆ ಪವರ್ರೇ ಬರಲ್ಲ, ಸಣ್ಣ ಪೈಪೇ ಇರ್ಲಿ ಅಂತಾನೆ. ಹಳೇ ಪೈಪ್ ಸುತ್ತ ದಾರ ಸುತ್ತಿ ಅಳೆದೆ, 132 ಎಂಎಂ ಬಂತು. ಯಾವ ಸೈಜ್ ಹಾಕ್ಸಲಿ?
– ಕಾಲೇಜು ಹುಡುಗ, ನಿಟುವಳ್ಳಿ, ದಾವಣಗೆರೆ

ಉತ್ತರ: ತಮ್ಮಾ, ಮೊದ್ಲು ಸೈಜ್ ಹೇಳಿಬಿಡ್ತೀನಿ, ಕಾರಣ ಆಮೇಲೆ. ಈಗಿರೋ ಸೈಜೇ ಹಾಕ್ಸು. ಮನಸ್ಸು ಕೇಳಲೇ ಇಲ್ಲ ಅಂದ್ರೆ ಒಂದೂಮುಕ್ಕಾಲು ಇಂಚು, ಅಂದ್ರೆ 45 ಎಂಎಂ ಹತ್ರದ್ದು. ಅದಕ್ಕಿಂತ ಮ್ಯಾಲೆ ಹೋಗ್ಬೇಡ.

ದಾರ ಸುತ್ತಿ ಅಳೆದ್ಯಲ್ಲ, ಅದು ಬಾಳ ಒಳ್ಳೇ ಕೆಲ್ಸ ಮಾಡ್ದೆ, ಅರ್ಧ ಉತ್ತರ ಅದ್ರಲ್ಲೇ ಐತೆ. 132ನ್ನ 3.14ರಿಂದ ಭಾಗಿಸು, 42 ಎಂಎಂ ಬರುತ್ತೆ. ಇದು ಹೊರಗಿನ ಅಳತೆ, ಅಂಗಡೀಲಿ ಪೈಪ್ ಮಾರೋದೂ ಇದೇ ಲೆಕ್ಕದಲ್ಲಿ. ಆದ್ರೆ ಹೊಗೆ ಹೋಗೋದು ಒಳಗಿನಿಂದ. ಪೈಪ್ ಗೋಡೆ 1.5 ಎಂಎಂ ಅಂತ ಇಟ್ಕೊಂಡ್ರೆ ಎರಡೂ ಕಡೆ ಸೇರಿ 3 ಕಳೀಬೇಕು, ಒಳಗೆ ಉಳಿಯೋದು 39. ಈಗ 39 ಗುಣಿಸು 39 ಗುಣಿಸು 0.785 (3.14ರ ಕಾಲು ಭಾಗ) ಮಾಡು, ಸುಮಾರು 1,194 ಚದರ ಎಂಎಂ. ನಿನ್ನ ಫ್ರೆಂಡ್ ಹೇಳಿದ ಎರಡೂವರೆ ಇಂಚು ಅಂದ್ರೆ ಹೊರಗೆ 63.5, ಒಳಗೆ 60.5, ಅದೇ ಲೆಕ್ಕ ಹಾಕಿದ್ರೆ 2,873. ನೋಡೋಕೆ ಒಂದೂವರೆ ಪಟ್ಟು ದಪ್ಪ ಅಷ್ಟೇ ಅನ್ಸುತ್ತೆ, ಆದ್ರೆ ಒಳಗಿನ ಜಾಗ 2.4 ಪಟ್ಟು. ಇಂಜಿನ್ ಅದೇ, ಬಿಡೋ ಹೊಗೆನೂ ಅಷ್ಟೇ, ಜಾಗ ಮಾತ್ರ 2.4 ಪಟ್ಟು ಆಯ್ತು ಅಂದ್ರೆ ಹೊಗೆ ಓಡೋ ಸ್ಪೀಡ್ ಅರ್ಧಕ್ಕಿಂತ ಕೆಳಗೆ ಬಿತ್ತು. ಟರ್ಬೋ ಇಲ್ಲದ ಗಾಡಿಗೆ ಇದು ಯಾಕೆ ನಷ್ಟ ಅನ್ನೋದೇ ಇಲ್ಲಿ ಮುಖ್ಯ ವಿಷಯ.

ಎಕ್ಸಾಸ್ಟ್ ವಾಲ್ವ್ (ಸಿಲಿಂಡರ್‌ನಿಂದ ಹೊಗೆ ಬಿಡೋ ಬಾಗಿಲು) ತೆರೆದ ಕೂಡ್ಲೇ ಒಳಗೆ ಪ್ರೆಶರ್‌ನಲ್ಲಿರೋ ಬಿಸಿ ಹೊಗೆ ಗುಂಡು ಹೊಡೆದಂಗೆ ಪೈಪ್‌ಗೆ ನುಗ್ಗುತ್ತೆ. ಅದು ಒಂದೇ ಸಮ ಹರಿಯೋ ನೀರಲ್ಲ, ಒಂದೊಂದು ಸಿಲಿಂಡರ್‌ನಿಂದ ಒಂದೊಂದು ಹೊಡೆತ, 1-3-4-2 ಅಂತ ಸರದಿ ಮೇಲೆ ಬರ್ತಾ ಇರುತ್ತೆ. ಸ್ಪೀಡಾಗಿ ಹೋಗೋ ಪ್ರತಿ ಹೊಡೆತದ ಬೆನ್ನ ಹಿಂದೆ ಪ್ರೆಶರ್ ಕಮ್ಮಿ ಆಗುತ್ತೆ, ಅದು ಹಿಂದಿನ ಹೊಗೆನ ಎಳ್ಕೊಳ್ಳುತ್ತೆ. ಪಿಸ್ಟನ್ ಮೇಲಕ್ಕೆ ಬಂದಾಗ ಒಂದು ಕ್ಷಣ ಇಂಟೇಕ್ ವಾಲ್ವೂ ಎಕ್ಸಾಸ್ಟ್ ವಾಲ್ವೂ ಎರಡೂ ತೆರೆದಿರ್ತಾವೆ ನೋಡು, ಆಗ ಈ ಎಳೆತ ಸಿಲಿಂಡರ್‌ನಲ್ಲಿ ಉಳಿದ ಹೊಗೆನ ಆಚೆ ಕಿತ್ತು, ಹೊಸ ಗಾಳಿ ಪೆಟ್ರೋಲ್ ಒಳಗೆ ಬರೋಕೆ ಜಾಗ ಮಾಡ್ಕೊಡುತ್ತೆ. ಟರ್ಬೋ ಇದ್ರೆ ಗಾಳಿನ ಒತ್ತಿ ತುಂಬೋಕೆ ಫ್ಯಾನ್ ಐತೆ, ನಿನ್ನ ಗಾಡಿಗೆ ಆ ಸಹಾಯ ಇಲ್ಲ, ಈ ಎಳೆತವೇ ಅದರ ಆಸರೆ. ಪೈಪ್ ಬೇಕಾದ್ದಕ್ಕಿಂತ ದಪ್ಪ ಆದ್ರೆ ಹೊಗೆ ಹರಡ್ಕೊಂಡು ನಿಧಾನ ಆಗುತ್ತೆ, ತಣ್ಣಗಾಗುತ್ತೆ, ಎಳೆತ ಹೋಗುತ್ತೆ.

ನಮ್ಮೂರಿನ ಮಂಡಕ್ಕಿ ಭಟ್ಟಿ ನೋಡಿರ್ತೀಯಲ್ಲ. ಚಿಮಣಿ ಸರಿಯಾದ ಅಳತೇಲಿ ಇದ್ರೆ ಹೊಗೆ ಬಿಸಿಬಿಸಿಯಾಗೇ ಸರ್ರಂತ ಮ್ಯಾಲೆ ಹೋಗುತ್ತೆ, ಕೆಳಗೆ ಬೆಂಕಿನೂ ಜೋರಾಗಿ ಹತ್ತುತ್ತೆ. ದೊಡ್ಡದಾದಷ್ಟೂ ಒಳ್ಳೇದು ಅಂತ ಬೇಕಾಬಿಟ್ಟಿ ಅಗಲ ಕಟ್ಟಿದ್ರೆ ಹೊಗೆ ಒಳಗೇ ತಣ್ಣಗಾಗಿ ತೂಕಡಿಸ್ತದೆ, ಬೆಂಕಿ ಮುಂದೆ ಕೂತೋನ ಕಣ್ಣಲ್ಲಿ ನೀರು. ಕಾರಿನ ಕೆಳಗೂ ಹಂಗೇ ಅಂತ ತಿಳ್ಕೋ.

ಹಂಗಾದ್ರೆ ಬ್ಯಾಕ್ ಪ್ರೆಶರ್ ಬೇಕು ಅಂದ ಇನ್ನೊಬ್ಬ ಫ್ರೆಂಡ್ ಸರಿನಾ? ಇಲ್ಲ, ಅವನ ಸೈಜ್ ಸರಿ, ಕಾರಣ ತಪ್ಪು. ಬ್ಯಾಕ್ ಪ್ರೆಶರ್ ಅಂದ್ರೆ ಹೊಗೆನ ತಳ್ಳೋಕೆ ಇಂಜಿನ್ ಪಡೋ ಕಷ್ಟ, ಅದು ಯಾವ ಇಂಜಿನ್‌ಗೂ ಬೇಕಾಗಿಲ್ಲ. ಬೇಕಾಗಿರೋದು ಸ್ಪೀಡ್. ಪೈಪ್ ಸಣ್ಣ ಮಾಡ್ತಾ ಹೋದ್ರೆ ಸ್ಪೀಡೂ ಏರುತ್ತೆ, ಒಂದು ಮಿತಿ ಆದ್ಮೇಲೆ ಬ್ಯಾಕ್ ಪ್ರೆಶರೂ ಏರುತ್ತೆ, ಎರಡೂ ಒಟ್ಟೊಟ್ಟಿಗೆ ಬರೋದ್ರಿಂದ ಜನ ಇದನ್ನೇ ಅದು ಅನ್ಕೊಂಡಿದಾರೆ. ಹೊಗೆಗೆ ಅಡ್ಡಿ ಆಗ್ದಂಗೆ, ಆದ್ರೆ ಸ್ಪೀಡೂ ಬೀಳ್ದಂಗೆ ಇರೋ ಸೈಜ್ ಹುಡುಕೋದೇ ಕೆಲ್ಸ.

ಅದಕ್ಕೆ ಎಕ್ಸಾಸ್ಟ್ ಕೆಲ್ಸದೋರು ಒಂದು ಕೈಲೆಕ್ಕ ಇಟ್ಕೊಂಡಿರ್ತಾರೆ, ಪಕ್ಕಾ ಅಲ್ಲ, ಅಂದಾಜಿಗೆ ಸಾಕು. ಒಳಗಿನ ಒಂದು ಚದರ ಇಂಚು ಜಾಗಕ್ಕೆ ಸುಮಾರು 50 ಎಚ್‌ಪಿ. ಒಂದು ಚದರ ಇಂಚು ಅಂದ್ರೆ 645 ಚದರ ಎಂಎಂ. ನಿನ್ನ 1,194ನ್ನ ಇದ್ರಿಂದ ಭಾಗಿಸಿದ್ರೆ 1.85, ಅಂದ್ರೆ 92 ಎಚ್‌ಪಿ ತನಕ ಈ ಪೈಪ್ ತಡ್ಕೊಳ್ಳುತ್ತೆ. ನಿನ್ನ ಇಂಜಿನ್ 85ರ ಆಸುಪಾಸಿನದ್ದು, ಅದೂ 6,000 ಆರ್‌ಪಿಎಂನಲ್ಲಿ. ಪಿ.ಬಿ. ರೋಡ್‌ನಲ್ಲಿ ಯಾವತ್ತು ಅಷ್ಟು ತಿರುಗಿಸ್ತೀಯ ಹೇಳು? ಒಂದೂಮುಕ್ಕಾಲು ಇಂಚು ಹಾಕಿದ್ರೆ ಸುಮಾರು 105 ಎಚ್‌ಪಿಗೆ ಸಾಕು, ಎರಡು ಇಂಚು 139ಕ್ಕೆ, ಎರಡೂವರೆ ಇಂಚು 220ಕ್ಕೆ. ಅಷ್ಟು ಪವರ್ ನಿನ್ನ ಬಾನೆಟ್ ಕೆಳಗೆ ಇಲ್ವಲ್ಲ ತಮ್ಮಾ.

ಟರ್ಬೋ ಗಾಡಿ ಕಥೆ ಬೇರೆ. ಅಲ್ಲಿ ಹೊಗೆ ಹೊಡೆತ ಎಲ್ಲಾ ಟರ್ಬೈನ್ (ಟರ್ಬೋ ಫ್ಯಾನ್ ಓಡಿಸೋ ಚಕ್ರ) ತಿರುಗ್ಸೋದ್ರಲ್ಲೇ ಖರ್ಚಾಗಿಬಿಡುತ್ತೆ, ಅದ್ರ ಹಿಂದೆ ಪೈಪ್‌ನಲ್ಲಿ ಎಷ್ಟು ಪ್ರೆಶರ್ ಕಮ್ಮಿ ಇರುತ್ತೋ ಟರ್ಬೈನ್ ಅಷ್ಟು ಬೇಗ ತಿರುಗುತ್ತೆ, ಹಂಗಾಗಿ ದಪ್ಪ ಪೈಪ್ ಅವನಿಗೆ ಲಾಭ. ನಿನ್ನ ಫ್ರೆಂಡ್ ಸುಳ್ಳು ಹೇಳ್ತಿಲ್ಲ, ಅವನ ಗಾಡಿ ಮಾತು ನಿನ್ನ ಗಾಡಿಗೆ ಅನ್ವಯ ಆಗಲ್ಲ ಅಷ್ಟೇ.

ನಾನೂ ಇದನ್ನ ಅನುಭವಿಸಿದೋನೇ. ಹಿಂದೆ ನನ್ನ ಹತ್ರ ಒಂದು 1.3 ಪೆಟ್ರೋಲ್ ಗಾಡಿ ಇತ್ತು. ಒಂದು ಗ್ಯಾರೇಜ್‌ನಲ್ಲಿ ಮ್ಯಾನಿಫೋಲ್ಡ್ (ಇಂಜಿನ್‌ಗೆ ಅಂಟಿಕೊಂಡು ಹೊಗೆ ಕೂಡಿಸೋ ಪೈಪ್‌ಗಳು) ಬಾಯಿಂದ ಹಿಡಿದು ತುದಿ ತನಕ ಎರಡೂವರೆ ಇಂಚು ಎಳ್ಸಿದೆ. ಸೌಂಡ್ ಗುಡುಗಿದಂಗೆ ಬಂತು, ಒಂದು ವಾರ ಬಾಳ ಖುಷಿ. ಆಮೇಲೆ ಮನೆಯೋರ್ನೆಲ್ಲ ಕೂರಿಸ್ಕೊಂಡು ದುರ್ಗಕ್ಕೆ ಹೋಗಿ ಜೋಗಿಮಟ್ಟಿ ಏರು ಹತ್ತಿಸ್ದೆ ನೋಡ್ರಿ, ಮೊದ್ಲು ಮೂರನೇ ಗೇರಲ್ಲಿ ಆರಾಮಾಗಿ ಹತ್ತುತಿದ್ದ ತಿರುವಲ್ಲಿ ಎರಡಕ್ಕೆ ಇಳಿಸಿದ್ರೂ ಗಾಡಿ ಉಸಿರು ಬಿಡ್ತಿತ್ತು. ವಾಪಸ್ ಬರುವಾಗ ಹೈವೇನಲ್ಲಿ 80-90ರಲ್ಲಿ ಸೀಟ್ ಕೆಳಗೆ ಗೂಂಂ ಅಂತ ಒಂದೇ ನಾದ, ನಮ್ಮವ್ವ ದಾವಣಗೆರೆ ಬರೋ ತನಕ ಎರಡೂ ಕೈಲಿ ಕಿವಿ ಮುಚ್ಕೊಂಡು ಕೂತಿದ್ರು. ಆ ಮುಖ ನನಗೆ ಇವತ್ತಿಗೂ ಮರೆಯಲ್ಲ. ಮರುದಿನವೇ ಬಿಚ್ಚಿಸಿ ಒಂದೂಮುಕ್ಕಾಲು ಇಂಚು ಹಾಕಿಸಿ, ಒಳ್ಳೇ ಸೈಲೆನ್ಸರ್ ಡಬ್ಬಿ ಕೂರ್ಸಿದೆ. ಗಾಡಿ ಮತ್ತೆ ಮೊದಲಿನಂಗಾಯ್ತು.

ಇನ್ನೊಂದು ಮಾತು ನ್ಯಾಯವಾಗಿ ಹೇಳ್ಬೇಕು. ನಾನು ಹೇಳಿದ ಎಳೆತದ ಆಟ ಜಾಸ್ತಿ ನಡೆಯೋದು ಮ್ಯಾನಿಫೋಲ್ಡ್‌ನಲ್ಲಿ, ನಾಕು ಪೈಪ್ ಸೇರಿ ಒಂದಾಗೋ ಜಾಗದ ತನಕ. ನಾನು ಅಲ್ಲಿಂದ್ಲೇ ಕೆಡಿಸಿದ್ದೆ, ಅದಕ್ಕೇ ಅಷ್ಟು ಹೊಡೆತ ಬಿತ್ತು. ನೀನು ಚೇಂಜ್ ಮಾಡ್ತಿರೋದು ಕ್ಯಾಟ್ ಹಿಂದಿನ ಭಾಗ, ಅಲ್ಲಿ ದಪ್ಪ ಹಾಕಿದ್ರೆ ಪಿಕಪ್ ಅಷ್ಟು ಹೋಗಲ್ಲ, ಆದ್ರೆ ಬರೋದೂ ಏನಿಲ್ಲ. ಭಾರ ಜಾಸ್ತಿ, ಸೌಂಡ್ ಜಾಸ್ತಿ, ಹಂಪ್‌ಗೆ ತಾಗೋದು ಜಾಸ್ತಿ. ಹಿಂದಕ್ಕೆ ಹೋಗ್ತಾ ಹೋಗ್ತಾ ಹೊಗೆ ತಣ್ಣಗಾಗಿ ಕುಗ್ಗುತ್ತೆ, ಹಂಗಾಗಿ ತುದಿ ಕಡೆ ದಪ್ಪ ಇರ್ಲೇಬೇಕು ಅನ್ನೋದಕ್ಕೆ ಅರ್ಥವೇ ಇಲ್ಲ.

ದುಡ್ಡು ಹಾಕೋದಾದ್ರೆ ಬೆಂಡ್‌ಗೆ ಹಾಕು. ಹಿಂದಿನ ಆಕ್ಸಲ್ ಮೇಲೆ ಪೈಪ್ ಬಗ್ಗೋ ಜಾಗದಲ್ಲಿ ಮಾಮೂಲಿ ಬೆಂಡಿಂಗ್ ಮಷೀನ್‌ಗೆ ಕೊಟ್ರೆ ಪೈಪ್ ಒಳಮೈ ಚಪ್ಪಟೆ ಆಗಿ ಸುಕ್ಕು ಬೀಳುತ್ತೆ, 45 ಹಾಕ್ಸಿದ್ರೂ ಬೆಂಡಲ್ಲಿ 38 ಉಳ್ದಿದ್ರೆ ನಿನ್ನದು 38ರ ಪೈಪೇ. ಮ್ಯಾಂಡ್ರೆಲ್ ಬೆಂಡ್ ಅಂತ ಸಿಗ್ತಾವೆ, ಒಳಗೆ ಗುಂಡು ಇಟ್ಟು ಬಗ್ಗಿಸಿರ್ತಾರೆ, ದುಂಡಗೇ ಇರ್ತಾವೆ, ಅದನ್ನ ಕಟ್ ಮಾಡಿ ಜೋಡಿಸೋಕೆ ಹೇಳು. ವೆಲ್ಡಿಂಗ್ ಶುರು ಮಾಡೋ ಮೊದ್ಲು ಬ್ಯಾಟರಿ ವೈರ್ ಬಿಚ್ಚಿಸು, ಇಲ್ಲಾಂದ್ರೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಸುಡೋ ಭಯ. ಕೆಲ್ಸ ಮುಗಿದ್ಮೇಲೆ ಗಾಡಿ ತಣ್ಣಗಿರುವಾಗ್ಲೇ ಬಯಲಲ್ಲಿ ಸ್ಟಾರ್ಟ್ ಮಾಡಿ, ತುದಿಗೆ ದಪ್ಪ ಬಟ್ಟೆ ಎರಡು ಸೆಕೆಂಡ್ ಒತ್ತಿ ಹಿಡಿಯೋಕೆ ಹೇಳು. ಜಾಯಿಂಟ್ ಎಲ್ಲಾದ್ರೂ ಲೀಕ್ ಇದ್ರೆ ಪುಸ್ ಪುಸ್ ಅಂತ ಕೇಳುತ್ತೆ. ಮುಂದೆ ಆಕ್ಸಿಜನ್ ಸೆನ್ಸರ್ (ಹೊಗೇಲಿ ಎಷ್ಟು ಆಕ್ಸಿಜನ್ ಉಳಿದೈತೆ ಅಂತ ನೋಡೋದು) ಹತ್ರ ಲೀಕ್ ಇದ್ರಂತೂ ಹೊರಗಿನ ಗಾಳಿ ಒಳಗೆ ಸೇರಿ, ಪೆಟ್ರೋಲ್ ಕಮ್ಮಿ ಹೋಗ್ತೈತೆ ಅಂತ ಸೆನ್ಸರ್ ತಪ್ಪು ತಿಳ್ಕೊಂಡು, ಇಸಿಯು ಇನ್ನೂ ಪೆಟ್ರೋಲ್ ಸುರಿಯುತ್ತೆ, ಮೈಲೇಜ್ ಕೈ ಬಿಡುತ್ತೆ.

ಪ್ರಶ್ನೆ: ಸರ್, ನಮ್ಮದು 1.5 ಪೆಟ್ರೋಲ್ ಸಿಟಿ, ಟರ್ಬೋ ಇಲ್ಲ. ಹೆಡರ್ (ಮ್ಯಾನಿಫೋಲ್ಡ್ ಬದಲು ಹಾಕೋ ನಾಕು ಪೈಪಿನ ಜೋಡಣೆ) ಹಾಕಿಸಬೇಕು ಅಂತಿದೀನಿ, 4-1 (ನಾಕೂ ನೇರ ಒಂದಾಗೋದು) ಒಳ್ಳೇದಾ 4-2-1 (ನಾಕು ಎರಡಾಗಿ ಆಮೇಲೆ ಒಂದಾಗೋದು) ಒಳ್ಳೇದಾ? ಹಿಂದೆ ಎರಡು ಇಂಚು ನಡೆಯುತ್ತಾ?
– ಓದುಗರು, ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಉತ್ತರ: ಎರಡು ಇಂಚು ನಿಮ್ಮ ಇಂಜಿನ್‌ಗೆ ನಡೆಯುತ್ತೆ ಸರ್, ಮೇಲಿನ ಲೆಕ್ಕದಲ್ಲೇ 139 ಎಚ್‌ಪಿ ತನಕ ಸಾಕು, ನಿಮ್ಮದು ಅದ್ರ ಒಳಗೇ ಐತೆ, ಅದಕ್ಕಿಂತ ದಪ್ಪ ಬೇಡ. ಹೆಡರ್ ವಿಷ್ಯದಲ್ಲಿ ಊರೊಳಗೆ, ಹರಿಹರ, ಚನ್ನಗಿರಿ ಅಂತ ಓಡಾಡೋರಿಗೆ 4-2-1. ಅದು ನಡುವಿನ ಆರ್‌ಪಿಎಂನಲ್ಲಿ ಚೆನ್ನಾಗಿ ಎಳೆಯುತ್ತೆ. 4-1 ಅನ್ನೋದು ಮೇಲಿನ ಆರ್‌ಪಿಎಂಗೆ, ಟ್ರ್ಯಾಕ್‌ಗೆ. ಒಂದು ನೋಡ್ಕೊಳ್ಳಿ, ಹೆಡರ್ ಪೈಪ್ ಒಳಬಾಯಿ ಇಂಜಿನ್ ಪೋರ್ಟ್‌ಗೆ (ಹೊಗೆ ಹೊರಬರೋ ತೂತಿಗೆ) ಸರಿಯಾಗಿ ಕೂರ್ಬೇಕು, ನಡುವೆ ಲೀಕ್ ಆಗ್ದಂಗೆ ಹಾಕೋ ಗ್ಯಾಸ್ಕೆಟ್ ಅಂಚು ಒಳಗೆ ಚಾಚಿರಬಾರ್ದು.

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ನೀರು ತೊಟ್ಟಿಕ್ಕುತ್ತೆ. ಇಂಜಿನ್ ಹೋಯ್ತಾ?
– ಗೃಹಿಣಿ, ಚಿತ್ರದುರ್ಗ

ಉತ್ತರ: ಇಲ್ಲಮ್ಮ, ಹೆದರ್ಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚೂಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತೆ, ಪೈಪ್ ತಣ್ಣಗಿದ್ದಾಗ ಆವಿ ನೀರಾಗಿ ಇಳಿಯುತ್ತೆ. ಆದ್ರೆ ದಿನಾ ಒಂದೆರಡು ಕಿಲೋಮೀಟರ್ ಮಾತ್ರ ಓಡಿಸಿ ನಿಲ್ಸಿದ್ರೆ ಆ ನೀರು ಡಬ್ಬಿ ಒಳಗೇ ನಿಂತು ಒಳಗಿನಿಂದ ತುಕ್ಕು ತಿನ್ನುತ್ತೆ, ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇ ಮೇಲೆ ಓಡಿಸಿ. ಗಾಡಿ ಬಿಸಿ ಆದ್ಮೇಲೂ ಬಿಳಿ ಹೊಗೆ ನಿಲ್ದೇ ಇದ್ದು, ಕೂಲೆಂಟ್ (ಇಂಜಿನ್ ತಂಪಿಡೋ ದ್ರವ) ಕಮ್ಮಿ ಆಗ್ತಿದ್ರೆ ಮಾತ್ರ ಗ್ಯಾರೇಜ್‌ಗೆ ತೋರಿಸಿ.

ಪ್ರಶ್ನೆ: ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಬರೀ ಪೈಪ್ ಹಾಕಿದ್ರೆ ಪವರ್ ಬರುತ್ತಂತೆ, ಹೌದಾ?
– ಓದುಗ, ಜಗಳೂರು

ಉತ್ತರ: ದಯವಿಟ್ಟು ತೆಗೀಬೇಡಪ್ಪ. ಚೆನ್ನಾಗಿರೋ ಕ್ಯಾಟ್ ತೆಗೆದ್ರೆ ಸಣ್ಣ ಇಂಜಿನ್‌ಗೆ ಸಿಗೋ ಪವರ್ ನಿನ್ನ ಕಾಲಿಗೆ ಗೊತ್ತಾಗಲ್ಲ. ಆ ಡಬ್ಬಿ ಒಳಗೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಲೇಪ ಇರುತ್ತೆ, ಕಾರ್ಬನ್ ಮೊನಾಕ್ಸೈಡ್, ಅರೆಬೆಂದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್ ಇವನ್ನೆಲ್ಲ ಅದು ಮುರಿದು ಹಾಕುತ್ತೆ. ತೆಗೆದ್ರೆ ಆ ವಿಷ ನಿನ್ನ ಹಿಂದೆ ಸೈಕಲ್ ತುಳಿಯೋ ಮಗುವಿನ ಮೂಗಿಗೆ ಹೋಗುತ್ತೆ. ಕಾನೂನೂ ಬಿಡಲ್ಲ: ಮೋಟಾರು ವಾಹನ ಕಾಯ್ದೆಯ 190(2) ಪ್ರಕಾರ ಹೊಗೆ, ಸದ್ದಿನ ಮಿತಿ ಮೀರಿ ಓಡಿಸಿದ್ರೆ ಮೊದಲ ಸಲಕ್ಕೇ 3 ತಿಂಗಳ ತನಕ ಜೈಲು ಇಲ್ಲಾ 10,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ, ಜೊತೆಗೆ 3 ತಿಂಗಳು ಲೈಸೆನ್ಸ್ ಅಮಾನತು. ಒಂದು ವೇಳೆ ಗಾಡಿ ಮೇಲಿನ ಆರ್‌ಪಿಎಂನಲ್ಲಿ ನಿಜವಾಗ್ಲೂ ಉಸಿರುಗಟ್ಟಿದಂಗೆ ಆಡ್ತಿದ್ರೆ ಕ್ಯಾಟ್ ಒಳಗಿನ ಜೇನುಗೂಡು ಕರಗಿ ಕಟ್ಟಿರಬಹುದು. ಗಾಡಿ ತಣ್ಣಗಿರುವಾಗ ಡಬ್ಬಿನ ಅಂಗೈಲಿ ತಟ್ಟಿ ನೋಡು, ಒಳಗೆ ಗಲಗಲ ಅಂದ್ರೆ ಒಡೆದೈತೆ. ಆಗ ಹೊಸದು ಹಾಕ್ಸು, ಜೊತೆಗೆ ಸ್ಪಾರ್ಕ್ ಪ್ಲಗ್, ಕಾಯಿಲ್ ನೋಡ್ಸು, ಮಿಸ್‌ಫೈರ್ ಆಗಿ ಉರೀದೆ ಬಂದ ಪೆಟ್ರೋಲೇ ಅದನ್ನ ಕರಗಿಸಿರುತ್ತೆ.