ಬಿ.ಎಡ್. ಇದ್ದರೂ ಒಂಟಾರಿಯೊದಲ್ಲಿ ಮತ್ತೆ ಕಾಲೇಜಿಗೆ ಹೋಗಬೇಕಾ?

ನಮಸ್ಕಾರ ಮೇಡಂ. ಊರಲ್ಲಿ ಬಿ.ಎಡ್. ಮಾಡಿ ಈಗ ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್‌ನಲ್ಲಿದ್ದೀರಿ, 38ನೇ ವಯಸ್ಸಿನಲ್ಲಿ ಇಸಿಇ (ಅರ್ಲಿ ಚೈಲ್ಡ್‌ಹುಡ್ ಎಜುಕೇಟರ್, ಅಂದರೆ ಪುಟ್ಟ ಮಕ್ಕಳ ಶಿಕ್ಷಕಿ) ಡಿಪ್ಲೊಮಾಗೆ ಎರಡು ವರ್ಷ ಕೊಡಬೇಕಾ ಅಂತ ಕೇಳಿದ್ದೀರಿ. ಸುಮ್ನೆ ಈಗಲೇ ಫೀಸು ಕಟ್ಟಬೇಡಿ. ಇಲ್ಲಿ ಇಸಿಇ ಅನ್ನಿಸಿಕೊಳ್ಳಲು ಕಾಲೇಜ್ ಆಫ್ ಅರ್ಲಿ ಚೈಲ್ಡ್‌ಹುಡ್ ಎಜುಕೇಟರ್ಸ್‌ನಲ್ಲಿ ನೋಂದಣಿ ಆಗಬೇಕು. ಹೆಸರು ಕಾಲೇಜ್ ಅಂತ ಇದ್ದರೂ ಅಲ್ಲಿ ಪಾಠ ಇಲ್ಲ, ಈ ವೃತ್ತಿಯನ್ನು ನಿಯಂತ್ರಿಸುವ ಸಂಸ್ಥೆ ಅದು. ಹೊರದೇಶದ ಓದನ್ನೂ ಪರಿಶೀಲಿಸುತ್ತಾರೆ, ಮೊದಲು ಅಲ್ಲಿ ವಿಚಾರಿಸಿ. ಹೈಸ್ಕೂಲ್ ಪಾಠದ ಬಿ.ಎಡ್. ಆದರೆ ಸಾಲದೆ ಹೋಗಬಹುದು.

ಆಗ ಡಿಪ್ಲೊಮಾನೇ ದಾರಿ. ಶೆರಿಡನ್, ಹಂಬರ್ ಕಾಲೇಜುಗಳು ಎರಡೂ ನಿಮಗೆ ಹತ್ತಿರ. ಪೊಲೀಸ್ ಚೆಕ್, ಲಸಿಕೆ ದಾಖಲೆ ಬೇಗ ಮಾಡಿಸಿಡಿ. ಅವಿಲ್ಲದೆ ಪ್ಲೇಸ್‌ಮೆಂಟ್‌ಗೆ, ಅಂದರೆ ಓದಿನ ಭಾಗವಾಗಿ ಡೇಕೇರ್‌ನಲ್ಲಿ ಮಾಡುವ ತರಬೇತಿಗೆ, ಬಿಡುವುದಿಲ್ಲ.

ನಾನು ನಿಜವಾಗಿ ಕಲಿತದ್ದು ಪ್ಲೇಸ್‌ಮೆಂಟ್‌ನಲ್ಲೇ. ಮೊದಲ ವಾರ ಒಂದು ಮಗುವಿನ ಬಗ್ಗೆ "ತುಂಬಾ ಹಠ" ಅಂತ ಬರೆದಿದ್ದೆ. ಮೇಲ್ವಿಚಾರಕಿ ಅದನ್ನು ಹೊಡೆದುಹಾಕಿ, ಕಂಡದ್ದನ್ನಷ್ಟೇ ಬರೆಯಿರಿ ಅಂದರು. ಮತ್ತೆ ಬರೆದೆ: "ಬೂಟು ಹಾಕಲು ಮೂರು ಸಲ ಪ್ರಯತ್ನಿಸಿದ, ನಾನು ಕೈ ಹಾಕಿದಾಗ ತಳ್ಳಿದ." ಆ ಮಗುವಿಗೆ ಹಠ ಇರಲಿಲ್ಲ, ತಾನೇ ಹಾಕಿಕೊಳ್ಳುವ ಆಸೆ ಇತ್ತು, ಅಲ್ವಾ? ಇದು ಯಾವ ಬಿ.ಎಡ್. ಕ್ಲಾಸಿನಲ್ಲೂ ನನಗೆ ಸಿಕ್ಕಿರಲಿಲ್ಲ.

ಡೇಕೇರ್‌ನ ಟಾಡ್ಲರ್ (ಈಗಷ್ಟೇ ನಡೆಯಲು ಕಲಿತ ಪುಟ್ಟ ಮಕ್ಕಳ) ಕೋಣೆಯಲ್ಲಿ ಐದು ಮಕ್ಕಳಿಗೆ ಒಬ್ಬರು. ಚಳಿಗಾಲದಲ್ಲಿ ಐವರಿಗೂ ಸ್ನೋಸೂಟ್ ತೊಡಿಸುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಸೇರುವ ಮೊದಲು ಒಂದು ದಿನ ಡೇಕೇರ್‌ಗೆ ಹೋಗಿ, ನೆಲದ ಮೇಲೆ ಕೂತು ನೋಡಿ ಬನ್ನಿ.