ಕ್ರಿಯೇಟಿನಿನ್ ನಾರ್ಮಲ್ ಇದ್ದರೆ ಕಿಡ್ನಿ ಚೆನ್ನಾಗಿದೆ ಅಂತಾನಾ?

ನಿಮ್ಮ ತಂದೆಗೆ 68 ವರ್ಷ, ತೂಕ ಜಾಸ್ತಿ, ಬಿಪಿ 150/95, ಕ್ರಿಯೇಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಒಂದು ತ್ಯಾಜ್ಯ) 1.2, ರಿಪೋರ್ಟಿನಲ್ಲಿ ನಾರ್ಮಲ್ ಅಂತಿದೆ, ಹಾಗಾದರೆ ಕಿಡ್ನಿ ಬಗ್ಗೆ ಯೋಚನೆ ಬೇಡ ಅಲ್ವಾ ಅಂತ ಕೇಳಿದ್ದೀರಿ. ಗಾಬರಿ ಬೇಡ, ಆದರೆ ಸುಮ್ನೆ ಬಿಡಬೇಡಿ.

ಆ 1.2 ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಅದೇ ಅಂಕಿ 25ರ ಹುಡುಗನಿಗೆ ಬಂದರೆ ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು, ಸುಮಾರು 86 ಆಗುತ್ತದೆ. 68ರ ಗಂಡಸಿಗೆ 66ರ ಆಸುಪಾಸು. ಇದು 60ಕ್ಕಿಂತ ಕೆಳಗಿಳಿದು 3 ತಿಂಗಳು ಹಾಗೇ ಇದ್ದರೆ ಕಿಡ್ನಿ ಕಾಯಿಲೆ ಅಂತಲೇ ಲೆಕ್ಕ.

ವಯಸ್ಸಾದಂತೆ ಕಿಡ್ನಿಯೊಳಗೆ ರಕ್ತ ಸೋಸುವ ನೆಫ್ರಾನ್ ಎಂಬ ಸಣ್ಣ ಘಟಕಗಳು ಕಡಿಮೆಯಾಗುತ್ತವೆ, ಹೊಸದು ಹುಟ್ಟುವುದಿಲ್ಲ. ಮೈತೂಕ ಜಾಸ್ತಿ ಇದ್ದರೆ ಉಳಿದವು ಮಿತಿಮೀರಿ ದುಡಿಯಬೇಕು, ಅದರ ಮೇಲೆ ಬಿಪಿ ಅಲ್ಲಿನ ಸಣ್ಣ ರಕ್ತನಾಳಗಳನ್ನು ಗಟ್ಟಿ ಮಾಡುತ್ತಾ ಹೋಗುತ್ತದೆ, ಕಿಡ್ನಿ ಸೋತಷ್ಟೂ ಉಪ್ಪು ಮೈಯಲ್ಲೇ ಉಳಿದು ಬಿಪಿ ಇನ್ನೂ ಏರುತ್ತದೆ. ನೋವಾಗಲ್ಲ, ಅದೇ ಕಷ್ಟ.

ಮೊದಲು ಮೂತ್ರದಲ್ಲಿ ಅಲ್ಬುಮಿನ್ (ರಕ್ತದ ಒಂದು ಪ್ರೋಟೀನ್)-ಕ್ರಿಯೇಟಿನಿನ್ ಅನುಪಾತದ ಪರೀಕ್ಷೆ ಮಾಡಿಸಿ. ಎಷ್ಟೋ ಜನರಲ್ಲಿ ಇಜಿಎಫ್‌ಆರ್ ಇಳಿಯುವ ಮೊದಲೇ ಇಲ್ಲಿ ಸುಳಿವು ಸಿಗುತ್ತದೆ. ಒಂದು ಗ್ರಾಂ ಕ್ರಿಯೇಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಹೆಚ್ಚು ಅಲ್ಬುಮಿನ್ ಬಂದರೆ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ. ಮಂಡಿನೋವಿಗೆ ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ಮಾತ್ರೆ ತಾವೇ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ತಪ್ಪದೇ ಹೇಳಿ, ಈ ವಯಸ್ಸಿನಲ್ಲಿ ಅವು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಬಿಪಿ ಇಳಿಯಿತು ಅಂತ ಬಿಪಿ ಮಾತ್ರೆಯನ್ನು ಮಾತ್ರ ಅವರಷ್ಟಕ್ಕೆ ನಿಲ್ಲಿಸುವುದು ಬೇಡ.