ಹೇಳಿಕೊಳ್ಳಲಾಗದ ಜಾಗದ ಬಾವು

ಕಲಬುರಗಿ ಗಂಜ್‌ನ, ಅಂದರೆ ಧಾನ್ಯದ ಮಾರುಕಟ್ಟೆಯ, ಒಂದು ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಇವರು ಗುಮಾಸ್ತರು. ವಯಸ್ಸು ಮೂವತ್ತು ದಾಟಿದೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ನನ್ನ ಬಳಿ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದವರು ಹೆಂಡತಿ. ಅವರ ದೂರೇ ಬೇರೆ ಇತ್ತು. ಗಂಡನಿಗೆ ನಿದ್ದೆ ಇಲ್ಲ, ಮಕ್ಕಳ ಮೇಲೆ ರೇಗುತ್ತಾರೆ, ರಾತ್ರಿ ಪಡಸಾಲೆಯಲ್ಲಿ ಒಬ್ಬರೇ ಮಲಗುತ್ತಾರೆ, ಹತ್ತಿರ ಹೋದರೆ ಸಿಡುಕುತ್ತಾರೆ. "ಮನಸಿನಾಗ ಏನೋ ಅದ ರೀ ಮೇಡಂ, ಬಾಯಿ ಬಿಡಲ್ಲ," ಅಂದರು. ಬೇರೆ ಹೆಂಗಸಿನ ಅನುಮಾನವೂ ಆ ಮಾತಿನಲ್ಲಿ ಸೇರಿತ್ತು.

ಹೆಂಡತಿ ಮಾತಾಡುವಷ್ಟು ಹೊತ್ತೂ ಆತ ಕುರ್ಚಿಯ ತುದಿಯಲ್ಲಿ, ಒಂದೇ ಪಕ್ಕಕ್ಕೆ ಭಾರ ಹಾಕಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು ನಿಂತೇಬಿಟ್ಟರು. ಜನವರಿ ತಿಂಗಳಲ್ಲೂ ಹಣೆ ಮೇಲೆ ಬೆವರು. ಹೆಂಡತಿಯನ್ನು ಹೊರಗೆ ಕೂರಲು ಹೇಳಿ, ಸುತ್ತಿ ಬಳಸದೆ ಕೇಳಿದೆ: "ಕೂತರೆ ನೋವಾಗುತ್ತಾ?"

"ಯಾರ ಮುಂದ ಹೇಳ್ಲಿ ರೀ. ಕೂಡೋ ಜಾಗದಾಗ ಗಡ್ಡಿ ಆಗ್ಯಾದ. ನಾಡಿ ಬಡದಂಗ ಬಡೀಲತ್ತದ."

ಆರು ದಿನ ಆಗಿತ್ತು. ಎರಡು ರಾತ್ರಿ ಚಳಿ ಜ್ವರವೂ ಬಂದಿತ್ತು. ಮೆಡಿಕಲ್ ಅಂಗಡಿಯಲ್ಲಿ "ಅಣ್ಣಗ ಪೈಲ್ಸ್ ಅದ" ಎಂದು ಹೇಳಿ ಮುಲಾಮು ತಂದಿದ್ದರು. ಆಮೇಲೆ ಆಂಟಿಬಯಾಟಿಕ್ ಮಾತ್ರೆ ನುಂಗಿದರು. ಎರಡು ದಿನ ನೋವು ತಗ್ಗಿತು, ಮೂರನೇ ದಿನ ಜಾಸ್ತಿಯಾಯಿತು. ಮನೆಯಲ್ಲೂ ಹೇಳಲಿಲ್ಲ, ಮಾಲೀಕರಿಗೂ ಹೇಳಲಿಲ್ಲ. ತೊಗರಿ ಬರುವ ಕಾಲ, ರಜೆ ಕೇಳೋದು ಹೇಗೆ? ದಿನವಿಡೀ ಗಾದಿ ಮೇಲೆ ಕೂತು ಲೆಕ್ಕ ಬರೆಯುವ ಕೆಲಸ ಬೇರೆ. "ಆಪರೇಷನ್ ಇಲ್ಲದೆ ಮೂಲವ್ಯಾಧಿ ವಾಸಿ" ಅನ್ನೋ ಒಂದು ಬೋರ್ಡಿನ ನಂಬರನ್ನು ಮೊಬೈಲಿನಲ್ಲಿ ಸೇವ್ ಮಾಡಿಟ್ಟುಕೊಂಡಿದ್ದರು.

ನಾನು ಡಾಕ್ಟರ್ ಅಲ್ಲ. ಆದರೆ ಹಗಲೂ ರಾತ್ರಿ ಮಿಡಿಯುವ ನೋವು, ಮುಟ್ಟಿದರೆ ಬಿಸಿಯಾಗಿರುವ ಊತ, ಜೊತೆಗೆ ಜ್ವರ ಎಂದರೆ ಕೀವು ತುಂಬಿದ ಬಾವು ಎಂದೇ ಮೊದಲು ಅನುಮಾನಿಸಬೇಕು ಎಂಬುದು ನನಗೆ ಗೊತ್ತು. ಪೈಲ್ಸ್‌ನಲ್ಲಿ ಸಾಮಾನ್ಯವಾಗಿ ರಕ್ತ ಹೋಗುತ್ತದೆ, ನೋವು ಕಮ್ಮಿ. ಫಿಷರ್, ಅಂದರೆ ಗುದದ್ವಾರದಲ್ಲಿ ಸೀಳು, ಆದರೆ ಮಲ ಹೋಗುವಾಗ ಕೊಯ್ದಂತೆ ನೋಯುತ್ತದೆ. ನಮ್ಮ ಕಡೆ ಇವೆಲ್ಲಕ್ಕೂ ಒಂದೇ ಹೆಸರು, ಪೈಲ್ಸ್. ಅರ್ಧ ಅನಾಹುತ ಆಗೋದು ಅಲ್ಲೇ.

ಅವರಿಗೆ ಹೀಗೆ ವಿವರಿಸಿದೆ. ಗುದದ್ವಾರದ ಒಳಗೆ, ಸುಮಾರು 2 ಸೆಂಟಿಮೀಟರ್ ಮೇಲೆ ಲೋಳೆ ಬಿಡುವ ಸಣ್ಣ ಗ್ರಂಥಿಗಳಿರುತ್ತವೆ. ಅದರಲ್ಲೊಂದರ ಬಾಯಿ ಕಟ್ಟಿಕೊಂಡರೆ ಒಳಗೆ ಸೋಂಕಾಗಿ ಕೀವು ಕೂಡುತ್ತದೆ. ಹೆಚ್ಚಿನ ಬಾವುಗಳು ಶುರುವಾಗೋದೇ ಹೀಗೆ. ನೀವು ಮಾಡಿದ ಯಾವ ತಪ್ಪಿನಿಂದಲೂ ಬಂದಿದ್ದಲ್ಲ, ಸ್ನಾನ ಸರಿ ಮಾಡಲಿಲ್ಲವೆಂದೂ ಅಲ್ಲ. ಆದರೆ ಕೀವು ಕೂಡಿದ ಮೇಲೆ ಮಾತ್ರೆ ಒಂದರಿಂದಲೇ ಹೋಗಲ್ಲ. ಕೀವಿನ ಗೂಡಿನೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಕೊಯ್ದು ಹೊರಗೆ ತೆಗೆಯಲೇಬೇಕು. ಅದಾಗಿಯೇ ಒಡೆದರೂ ಡಾಕ್ಟರಿಗೆ ತೋರಿಸಬೇಕು. ಮನೆಯಲ್ಲಿ ಹಿಸುಕೋದು, ಸೂಜಿ ಚುಚ್ಚೋದು ಬೇಡವೇ ಬೇಡ.

ಅವರ ಹೆದರಿಕೆ ಕತ್ತರಿಯದ್ದಲ್ಲ. ಬಟ್ಟೆ ಬಿಚ್ಚಿ ಮಲಗೋದು, ಮತ್ತು ಬಾಯಿ ಬಿಟ್ಟು ಹೇಳೋದು. ಹಾಗಾಗಿ ಬಾಯಿಯ ಕೆಲಸವನ್ನು ಚೀಟಿಗೆ ಕೊಟ್ಟೆವು. ಅವರೇ ಬರೆದರು, ಲೆಕ್ಕದ ಮನುಷ್ಯ, ಅಕ್ಷರ ಮುತ್ತಿನಂಗೆ: "ಗುದದ್ವಾರದ ಎಡಕ್ಕೆ ಬಾವು. 6 ದಿನ. ಜ್ವರ. ಕೂರಲು ಆಗುವುದಿಲ್ಲ. ಈ ಮಾತ್ರೆ ತೆಗೆದುಕೊಂಡಿದ್ದೇನೆ." ಮಾತ್ರೆಯ ಖಾಲಿ ಪಟ್ಟಿಯನ್ನೂ ಅದಕ್ಕೆ ಪಿನ್ ಮಾಡಿದರು. ಸರ್ಜನ್ ಹೇಗೆ ನೋಡುತ್ತಾರೆ ಎಂದೂ ಮೊದಲೇ ಹೇಳಿದೆ. ಎಡ ಮಗ್ಗುಲಿಗೆ ಮಲಗಿಸಿ ಮೊಣಕಾಲು ಎದೆಗೆ ಮಡಚಲು ಹೇಳುತ್ತಾರೆ. ಮೊದಲು ಕಣ್ಣಿನಿಂದ ನೋಡುತ್ತಾರೆ. ತುಂಬಾ ನೋವಿದ್ದರೆ ಒಳಗಿನ ಪರೀಕ್ಷೆಯನ್ನು ಅರಿವಳಿಕೆ ಕೊಟ್ಟ ಮೇಲೆ ಮಾಡುತ್ತಾರೆ. ಹೆಣ್ಣುಮಕ್ಕಳು ಈ ತೊಂದರೆಗೆ ಹೋದಾಗ ಜೊತೆಗೆ ನರ್ಸ್ ಇರಲಿ ಎಂದು ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ಬಿಪಿಎಲ್ ಕಾರ್ಡ್ ಇದ್ದವರು ಅದನ್ನು ಮತ್ತು ಆಯುಷ್ಮಾನ್ ಕಾರ್ಡನ್ನು ಜೊತೆಗೇ ಒಯ್ಯಬೇಕು.

ಹೆಂಡತಿಗೆ ನೀವೇ ಹೇಳಿ, ನಾನು ಹೇಳಲ್ಲ ಅಂದೆ. ಒಳಗೆ ಕರೆದೆವು. ಆತ ಗೋಡೆ ನೋಡುತ್ತಾ ಒಂದೇ ಉಸಿರಿಗೆ ಹೇಳಿದರು. ಆಕೆಗೆ ಅಳುವೂ ಬಂತು, ಸಿಟ್ಟೂ ಬಂತು. "ಇಷ್ಟ್ ದಿನ ನಾ ಏನೇನ್ ತಿಳ್ಕೊಂಡಿದ್ದೆ ಗೊತ್ತದೇನ್ರಿ ನಿಮಗ?" ಆ ಜಗಳಕ್ಕೆ ಇನ್ನೊಂದು ದಿನ ಕೂರೋಣ, ಈಗ ಆಸ್ಪತ್ರೆಗೆ ಹೊರಡಿ ಎಂದು ಕಳಿಸಿದೆ.

ಅದೇ ರಾತ್ರಿ ಕೀವು ತೆಗೆದರು. ರಕ್ತ ಪರೀಕ್ಷೆಯಲ್ಲಿ ಶುಗರ್ 300 ದಾಟಿತ್ತು, ಅದುವರೆಗೆ ಗೊತ್ತೇ ಇರಲಿಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ಸೋಂಕು ಬೇಗ ಹರಡಿ ಸುತ್ತಲಿನ ಮಾಂಸ ಕೊಳೆಯುವ ಮಟ್ಟಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ಇನ್ನೆರಡು ದಿನ ಆ ಬೋರ್ಡಿನವರ ಹತ್ತಿರ ಕಳೆದಿದ್ದರೆ ಅನ್ನೋ ಯೋಚನೆ ನನಗೆ ಈಗಲೂ ಬರುತ್ತದೆ.

ಮುಂದಿನ ಭೇಟಿಯಲ್ಲಿ ಹೊಸ ಗಾಬರಿ: "ಹೊಲಿಗಿನೇ ಹಾಕಿಲ್ಲ ರೀ!" ಹೊಲಿಗೆ ಹಾಕದೆ ಗಾಯ ತೆರೆದಿಡುವುದೇ ಇದರ ಪದ್ಧತಿ. ಮೇಲೆ ಮುಚ್ಚಿದರೆ ಒಳಗೆ ಮತ್ತೆ ಕೀವು ನಿಲ್ಲುತ್ತದೆ, ಆದ್ದರಿಂದ ತಳದಿಂದ ಮೇಲಕ್ಕೆ ತುಂಬಿಕೊಳ್ಳಬೇಕು. ಅದಕ್ಕೆ ಕೆಲವು ವಾರ ಬೇಕು. ದಿನಕ್ಕೆ ಮೂರ್ನಾಲ್ಕು ಸಲ, ಮಲಕ್ಕೆ ಹೋಗಿ ಬಂದ ಮೇಲಂತೂ ತಪ್ಪದೆ, ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ 10-15 ನಿಮಿಷ ಕೂರಬೇಕು. ನೀರಿಗೆ ಡೆಟಾಲ್ ಸುರಿಯೋದು, ಗಾಯಕ್ಕೆ ಅರಿಶಿನ ಮೆತ್ತೋದು ಬೇಡ. ಡ್ರೆಸಿಂಗ್ ತಾನೇ ಮಾಡುತ್ತೇನೆಂದು ಹೆಂಡತಿ ಮುಂದೆ ಬಂದರು, ಆತ ಒಪ್ಪಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಹತ್ತಿರದ ಕ್ಲಿನಿಕ್‌ನ ನರ್ಸ್ ಮಾಡಿದರು, ನೀರು ಕಾಯಿಸೋದು ಹೆಂಡತಿಯ ಪಾಲಿಗೆ ಬಂತು.

ತಾಯಿಯವರು ಮಾತ್ರ ನಂಜಾಗುತ್ತದೆಂದು ತೊಗರಿ ಬೇಳೆ ಬಂದ್ ಮಾಡಿಸಿದ್ದರು! ತೊಗರಿ ಮಾರುವ ಅಂಗಡಿಯವನಿಗೆ, ಕಲಬುರಗಿಯಲ್ಲಿ, ಇಂಥ ಶಿಕ್ಷೆ. ಗಾಯ ಮಾಯಲು ಬೇಳೆಯ ಪ್ರೋಟೀನ್ ಬೇಕು, ಕೊಡಿ ಅಂದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ, ಸಾಕಷ್ಟು ನೀರು. ಮಲ ಗಟ್ಟಿಯಾಗದಿದ್ದರೆ ಸಾಕು. ಶುಗರ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು.

ಗಾಯ ಮಾಯಿತು. ಆದರೆ ಬೇಸಿಗೆಯಲ್ಲಿ ಮತ್ತೆ ಬಂದರು. ಅದೇ ಜಾಗದಲ್ಲಿ ಸಾಸಿವೆಯಷ್ಟು ತೂತು, ಒಳಬಟ್ಟೆಗೆ ಆಗಾಗ ಕೀವಿನ ಕಲೆ. "ಡಾಕ್ಟರ್ ಸರಿ ಕೊಯ್ದಿಲ್ಲ" ಎಂದು ಸಿಟ್ಟು. ಅದು ಭಗಂದರ, ಅಂದರೆ ಒಳಗಿನ ಗ್ರಂಥಿಯಿಂದ ಹೊರಚರ್ಮದವರೆಗೆ ಉಳಿದುಕೊಂಡ ಸುರಂಗ. ಬಾವು ಆದವರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನಕ್ಕೆ ಹೀಗಾಗುತ್ತದೆ, ಕೊಯ್ದದ್ದು ಸರಿಯಾಗಿದ್ದರೂ ಆಗುತ್ತದೆ. ಇದು ತಾನಾಗಿ ಮುಚ್ಚೋದು ಅಪರೂಪ.

ಸಿಟ್ಟಿನ ಕೆಳಗೆ ಇನ್ನೊಂದು ಪ್ರಶ್ನೆ ಇತ್ತು, ಕೇಳಲು ಬಹಳ ಹೊತ್ತು ಬೇಕಾಯಿತು: ಮತ್ತೆ ಕೊಯ್ದರೆ ಮಲ ತಡೆಯುವ ಶಕ್ತಿ ಹೋಗುತ್ತಾ? ಸುಮ್ನೆ "ಏನೂ ಆಗಲ್ಲ" ಎಂದು ಹೇಳಿ ಕಳಿಸಲು ನನಗೆ ಇಷ್ಟವಿರಲಿಲ್ಲ. ಸುರಂಗ ಮಲ ಬಿಗಿಹಿಡಿಯುವ ಸ್ನಾಯುವನ್ನು ಎಷ್ಟು ದಾಟಿದೆ ಅನ್ನೋದರ ಮೇಲೆ ಅದು ನಿಂತಿದೆ. ಸ್ವಲ್ಪವೇ ದಾಟಿದ್ದರೆ ಸೀಳಿ ತೆರೆಯುತ್ತಾರೆ, ಅಪಾಯ ಕಮ್ಮಿ. ಜಾಸ್ತಿ ದಾಟಿದ್ದರೆ ದಾರ ಪೋಣಿಸುವಂಥ, ಸ್ನಾಯು ಉಳಿಸುವ ದಾರಿಗಳಿವೆ. ಆಯುರ್ವೇದದ ಕ್ಷಾರಸೂತ್ರವೂ ಔಷಧಿ ಹಚ್ಚಿದ ದಾರವೇ. ಆದರೆ ಶಲ್ಯತಂತ್ರ, ಅಂದರೆ ಆಯುರ್ವೇದದ ಶಸ್ತ್ರಚಿಕಿತ್ಸೆ, ಓದಿದ ವೈದ್ಯರಲ್ಲೇ ಮಾಡಿಸಬೇಕು, ಬೋರ್ಡ್ ನೋಡಿ ಹೋಗಬಾರದು. ಸುರಂಗದ ದಾರಿ ಗೊತ್ತಾಗಲು ಎಂಆರ್‌ಐ ಬೇಕಾಗಬಹುದು.

ಈ ಸಲ ಚೀಟಿಯಲ್ಲಿ ಎರಡು ಪ್ರಶ್ನೆ ಬರೆದುಕೊಂಡರು. ಸ್ನಾಯು ಎಷ್ಟು ಸೇರಿದೆ? ಎಷ್ಟು ದಿನ ರಜೆ ಬೇಕು? ಮಾಲೀಕರಿಗೆ ಏನು ಹೇಳಲಿ ಎಂದರು. "ಸಣ್ಣ ಆಪರೇಷನ್ ಅದ" ಎಂದಷ್ಟೇ ಹೇಳಿ, ಯಾವ ಜಾಗ ಅನ್ನೋದನ್ನು ಅವರಿಗೆ ವಿವರಿಸಬೇಕಾಗಿಲ್ಲ ಅಂದೆ. ಹೆಂಡತಿ ಈ ಸಲ ಒಳಗೇ ಕೂತಿದ್ದರು. ಎಂಆರ್‌ಐಗೆ ತಾನೂ ಬರುತ್ತೇನೆಂದರು, ಆತ ಬೇಡ ಅನ್ನಲಿಲ್ಲ.